ಊರೂರು ತಿರುಗುವ ಮದುಮಗನಿಗೊಂದು ಅರಿಕೆ

ಶ್ರೀಮಾನ್ ಹೋತರಾಯರ ಗಡ್ಡದ ಸನ್ನಿಧಿಗೆ,

ಬೀದರಿನ ಗಾಂಧಿ ಗಂಜಿನಿಂದ ಶರಣು ಶರಣಾರ್ಥಿ. ತಾವು ಕ್ಷೇಮವೆಂಬುದನ್ನು ಗಾಳಿಯೇ ತಿಳಿಸಿದೆ. ಬೆದೆಯ ಕಾಲದಲ್ಲಿ ಸ್ವಂತ ಉಚ್ಚೆಯಿಂದಲೇ ಗಡ್ಡ ತೊಯ್ಸಿಕೊಂಡು ತಾವು ಹೊರಟರೆ, ತೊಗರಿ ಚೀಲಗಳ ಮರೆಯಲ್ಲಿ ಕೂತ ಅಡತಿ ಸಾಹುಕಾರರಿಗೂ ಸವಾರಿ ಬಂತೆಂದು ಗೊತ್ತಾಗುತ್ತದೆ.

ಮೊದಲು ಉಪಕಾರ ಸ್ಮರಣೆ. ಹಿತ್ತಲಲ್ಲಿ ಎರಡು ಮೂರು ಆಡು ಕಟ್ಟಿಕೊಂಡವರು ಸ್ವಂತ ಹೋತ ಸಾಕುವುದುಂಟೆ? ಅವರ ಮೇಲೆ ಕರುಣೆಯಿಟ್ಟು ತಾವು ಇಂದು ಔರಾದ್ ಕಡೆ, ನಾಳೆ ಭಾಲ್ಕಿ ಕಡೆ, ನಾಡಿದ್ದು ನಮ್ಮಲ್ಲಿ ಎಂದು ದಯಮಾಡಿಸುತ್ತೀರಿ. ಕೇಳುವುದು ಒಂದಿಷ್ಟು ಹಿಂಡಿ, ತೊಗರಿ ಹೊಟ್ಟು. ಕೊಟ್ಟು ಹೋಗುವುದು ಮಾತ್ರ ಧಾರಾಳ.

ಕಳೆದ ಸಲ ತಮ್ಮ ಮೂಗಿನಿಂದ ಸಿಂಬಳ ಇಳಿಯುತ್ತಿತ್ತು, ಕಣ್ಣಂಚಿನಲ್ಲಿ ಪಿಸುರು ಕಟ್ಟಿತ್ತು. ಅದೇ ಮುಖವನ್ನು ಆಡುಗಳೆಲ್ಲ ಕುಡಿಯುವ ನೀರಿನ ದೋಣಿಗೆ ಇಟ್ಟಿರಿ. “ಥಂಡಿ ಆಗ್ಯಾದ್ರಿ, ಏನ್ ಆಗಲ್ಲ” ಅಂದರು ತಮ್ಮ ಧಣಿಗಳು. ವಾರದೊಳಗೆ ಆಡುಗಳಿಗೆ ಜ್ವರ, ಬಾಯಿಹುಣ್ಣು, ಭೇದಿ. ಗಬ್ಬದ ಆಡು ಕಂದು ಹಾಕಿತು. ಡಾಕ್ಟರರು ಪಿಪಿಆರ್ ಅಂದರು. 1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟಿನಲ್ಲಿ ಮೊದಲು ವರದಿಯಾಗಿ, 1987ರಲ್ಲಿ ತಮಿಳುನಾಡಿನಲ್ಲಿ ಪತ್ತೆಯಾದ ಕಾಯಿಲೆಯಂತೆ. ಅಷ್ಟು ದೂರದ ಅತಿಥಿಯನ್ನು ನಮ್ಮ ಹಿತ್ತಲಿನ ತನಕ ಕೈಹಿಡಿದು ಕರೆತಂದ ಪುಣ್ಯ ತಮ್ಮದು. ಇದಕ್ಕೆ ಲಸಿಕೆಯಿದೆ, ಒಮ್ಮೆ ಹಾಕಿಸಿಕೊಂಡರೆ ವರ್ಷಗಟ್ಟಲೆ ಕಾಯುತ್ತದೆ. ಆದರೆ ಸೂಜಿ ಚುಚ್ಚಿದರೆ ತಮ್ಮ ಕಸುವು ಇಳಿಯುತ್ತದೆಂಬುದು ಧಣಿಗಳ ಸಂಶೋಧನೆ.

ನಮ್ಮ ಗಂಜಿನಲ್ಲಿ ಮುಷ್ಟಿ ತೊಗರಿ ಅಂಗೈಗೆ ಸುರಿದು, ಕಡಿದು, ಹಸಿ ನೋಡದೆ ಯಾರೂ ದರ ಕೂಗುವುದಿಲ್ಲ. ತಾವು ಮಾತ್ರ ಒಂದು ತೊಟ್ಟು ರಕ್ತ ಪರೀಕ್ಷೆಗೆ ಕೊಡದೆ ಇಡೀ ಜಿಲ್ಲೆಯ ಅಳಿಯಂದಿರಾಗಿದ್ದೀರಿ!

ಹೋರಿಗಳನ್ನು ನೋಡಿ ಸ್ವಾಮಿ. ಅವು ಮನೆ ಮನೆ ತಿರುಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿದ ವೀರ್ಯದ ಕಡ್ಡಿಯೊಳಗೆ ಕೂತು ಬರುತ್ತವೆ. ಸಿಂಬಳವಿಲ್ಲ, ಕೆಮ್ಮಿಲ್ಲ, ದೋಣಿಗೆ ಮುಖವಿಡುವುದಿಲ್ಲ. ತಮ್ಮನ್ನೂ ಹಾಗೆ ಕಳಿಸೋಣವೆಂದರೆ ಅಲ್ಲೂ ತಮ್ಮದು ತಕರಾರು. ವೀರ್ಯಾಣುಗಳನ್ನು ಚಳಿಯಿಂದ ಕಾಪಾಡಲೆಂದು ಮೊಟ್ಟೆಯ ಹಳದಿ ಬೆರೆಸಿದರೆ, ತಮ್ಮದೇ ಗ್ರಂಥಿಯ ಸ್ರಾವ ಅದನ್ನು ವಿಷವಾಗಿಸಿ ತಮ್ಮ ಸಂತಾನವನ್ನೇ ಕೊಲ್ಲುತ್ತದೆ. ಅದಕ್ಕೇ ಮೊದಲು ಆ ದ್ರವವನ್ನು ತೊಳೆದು ತೆಗೆಯುವ ಪದ್ಧತಿಯುಂಟು. ಇಷ್ಟು ಸೊಕ್ಕು ಗೌಡರ ಹೋರಿಗೂ ಇಲ್ಲ.

ಹಾಗಂತ ಕಡ್ಡಿಯೊಳಗೆ ಕೂತ ಮಾತ್ರಕ್ಕೆ ತಾವು ಮಡಿಯಾಗುವುದಿಲ್ಲ. ತಮ್ಮ ಬೀಜವನ್ನು ಉಳಿಸುವ ಚಳಿ ವೈರಾಣುವನ್ನೂ ಅಷ್ಟೇ ಅಕ್ಕರೆಯಿಂದ ಉಳಿಸುತ್ತದೆ. ನೀಲಿನಾಲಿಗೆ ರೋಗದ ವೈರಾಣು ವೀರ್ಯದಲ್ಲಿ ಬರಬಲ್ಲದು. ಮೊಣಕಾಲು ಊದಿಸಿ ಆಯುಷ್ಯವಿಡೀ ಬಿಡದ ಸಿಎಇ ಎಂಬ ಆಡಿನ ರೋಗದ ವೈರಾಣುವೂ ಅಲ್ಲಿ ಸಿಕ್ಕಿದೆ. ಅದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಆದ್ದರಿಂದ ರಕ್ತಪರೀಕ್ಷೆ ಮೊದಲು, ಕಡ್ಡಿ ಆಮೇಲೆ.

ಇನ್ನೂ ಮುಂದೆ ಹೋದವರಿದ್ದಾರೆ. ಆಡಿನ ಗರ್ಭಕೋಶದಿಂದ ಭ್ರೂಣ ತೆಗೆದು, ಅದರ ಹೊರಪೊರೆ ಎಲ್ಲೂ ಹರಿದಿಲ್ಲವೆಂದು ಸೂಕ್ಷ್ಮದರ್ಶಕದಡಿ ನೋಡಿ, ಒಂದರ ನಂತರ ಒಂದು ಹೊಸ ದ್ರಾವಣದಲ್ಲಿ ಹತ್ತು ಸಲ ತೊಳೆದು ಬೇರೆ ಆಡಿನ ಹೊಟ್ಟೆಗೆ ಸೇರಿಸುತ್ತಾರೆ. ಆದರೆ ಆ ಬಾಡಿಗೆ ತಾಯಿಗೇ ಸಿಎಇ ಇದ್ದು, ಮರಿ ಅವಳ ಗಿಣ್ಣು ಕುಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಗಿಣ್ಣನ್ನು 56 ಡಿಗ್ರಿಯಲ್ಲಿ ಒಂದು ತಾಸು ಕಾಯಿಸಿ ಕುಡಿಸಬೇಕು. ಹುಟ್ಟುವ ಮೊದಲು ಹತ್ತು ಸ್ನಾನ ಕಂಡ ಮರಿ ಎಲ್ಲಿ, ಹುಟ್ಟಾ ಸ್ನಾನ ಕಾಣದ ತಾವೆಲ್ಲಿ!

ತಮ್ಮ ವಂಶದ ಮೇಲೆ ನನಗೆ ಹಗೆಯಿಲ್ಲ. ನಮ್ಮ ಬೀದರಿ ಆಡು ದೇಶದ ಅಧಿಕೃತ ತಳಿಗಳ ಪಟ್ಟಿ ಸೇರಿದೆ. ಪಶುವೈದ್ಯ ವಿಶ್ವವಿದ್ಯಾಲಯ ಇರುವುದು ಇಲ್ಲೇ ನಂದಿನಗರದಲ್ಲಿ. ಪಶುವೈದ್ಯರನ್ನು ಹುಡುಕಿಕೊಂಡು ತಾವು ದಿಲ್ಲಿಗೆ ಹೋಗಬೇಕಿಲ್ಲ. ಕಡ್ಡಿಯ ಭಾಗ್ಯ ನಮ್ಮ ಆಡುಗಳಿಗೆ ಬರುವ ತನಕ ಒಂದೇ ಬಿನ್ನಹ: ಲಸಿಕೆ ಹಾಕಿಸಿಕೊಂಡು, ರಕ್ತ ಪರೀಕ್ಷೆಯ ಚೀಟಿ ಹಿಡಿದು, ಮೂರು ವಾರ ಬೇರೆ ಕೊಟ್ಟಿಗೆಯಲ್ಲಿ ತಂಗಿ, ಆಮೇಲೆ ದಯಮಾಡಿಸಿ.

ಇತಿ,
ತಮ್ಮ ಬೀಗರ ಪೈಕಿ ಒಬ್ಬ

ವಿ.ಸೂ.: ಹೋದ ವರ್ಷ ಹುಟ್ಟಿದ ತಮ್ಮ ಮಗಳು ಬೆದೆಗೆ ಬಂದಿದ್ದಾಳೆ. ಸುದ್ದಿ ಕೇಳಿ ತಾವು ಹಗ್ಗ ಹರಿದುಕೊಳ್ಳುವುದು ಬೇಡ. ವರ ಬೇರೆ ಕಡೆ ಗೊತ್ತಾಗಿದೆ.