ಬುರುಡೆ ಸರ್ಕಾರದ್ದು

ಸೇಡಂ ಸೀಮೆಯ ಶಾಲೆಗಳ ಗೋಡೆಗೆ ವನ್ಯಜೀವಿಗಳ ಕೊರತೆಯಿಲ್ಲ. ಒಂದು ಮೂಲೆಯಲ್ಲಿ ಜಿರಾಫೆ ಮುಗಿಲಿಗೆ ಕತ್ತು ಚಾಚಿರುತ್ತದೆ. ಇನ್ನೊಂದು ಮೂಲೆಯಲ್ಲಿ ಕಾಂಗರೂ ಹೊಟ್ಟೆಚೀಲದಲ್ಲಿ ಮರಿ ಇಟ್ಟುಕೊಂಡು ನಿಂತಿರುತ್ತದೆ. ನಡುವೆ ಸಿಂಹ, ಮುಖ ಮಾತ್ರ ಬಣ್ಣ ಬಳಿದವನ ಸೋದರಮಾವನಂತೆ. ಗೋಡೆಯಾಚೆ ತೊಗರಿ ಹೊಲ. ಅಲ್ಲಿ ಬೆಳಕು ಹರಿಯುವ ಮೊದಲೇ ಚಿಗರಿ ಹಿಂಡು ಬಂದು ಎಳೆ ಪೈರು ಮೇದು ಹೋಗುತ್ತದೆ. ಖಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬದಲ್ಲಿ ನರಿ ಬಿಲ ಮಾಡಿಕೊಂಡಿರುತ್ತದೆ. ಇವೆರಡಕ್ಕೂ ಗೋಡೆಯ ಮೇಲೆ ಜಾಗ ಸಿಕ್ಕಿಲ್ಲ. ಸ್ಥಳೀಯರಿಗೆ ಮೀಸಲಾತಿ ಬೇಕೆಂದು ಹೋರಾಡಿ ಸಂವಿಧಾನಕ್ಕೇ 371(ಜೆ) ಸೇರಿಸಿಕೊಂಡವರು ನಾವು. ಗೋಡೆಯ ಮೇಲಿನ ನೇಮಕಾತಿ ಮಾತ್ರ ಪೂರ್ತಿ ಆಫ್ರಿಕಾ, ಆಸ್ಟ್ರೇಲಿಯಾದವರಿಗೆ.

"ನಮ್ಮ ಕಡಿ ಎಲ್ಲಿ ಕಾಡು ಅದರಿ?" ಎಂಬುದು ಸಿದ್ಧ ಉತ್ತರ. ಚಿಂಚೋಳಿಯಲ್ಲಿ 134.88 ಚದರ ಕಿಲೋಮೀಟರ್ ವನ್ಯಜೀವಿಧಾಮ 2011ರಲ್ಲೇ ಘೋಷಣೆಯಾಗಿದೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂಬ ಬಿರುದೂ ಅದಕ್ಕಿದೆ. ಚಿಗರಿ, ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಎಲ್ಲವೂ ಅಲ್ಲಿನ ಪಟ್ಟಿಯಲ್ಲಿವೆ. ಆದರೆ ನಾವು ಅಲ್ಲಿಗೆ ಹೋಗುವುದು ಚಂದ್ರಂಪಳ್ಳಿ ಡ್ಯಾಮಿನ ದಂಡೆಯಲ್ಲಿ ಊಟ ಕಟ್ಟಿಕೊಂಡು ಕೂರಲು. ಪ್ರಾಣಿ ಕಾಣಲಿಲ್ಲ ಎಂದು ಗೊಣಗುತ್ತ ಮರಳಿ ಬರುತ್ತೇವೆ. ಸ್ಪೀಕರಿನಲ್ಲಿ ಡಿಜೆ ಹಾಡು ಹಚ್ಚಿದವರ ಮುಂದೆ ತೋಳ ಬಂದು ಯಾಕೆ ನಿಲ್ಲಲಿಲ್ಲವೋ ತಿಳಿಯದು.

ಅಮೆರಿಕದ ಕೆಲವು ರಾಜ್ಯಗಳ ವನ್ಯಜೀವಿ ಇಲಾಖೆಗಳು ಒಂದು ಟ್ರಂಕು ತುಂಬ ತಲೆಬುರುಡೆ, ಚರ್ಮ, ಹೆಜ್ಜೆಗುರುತಿನ ಅಚ್ಚು ತುಂಬಿಸಿ ಶಾಲೆಗಳಿಗೆ ಎರವಲು ಕೊಡುತ್ತವೆ. ಮಕ್ಕಳು ಕೈಯಲ್ಲಿ ಹಿಡಿದು, ಹೊರಳಿಸಿ ನೋಡಿ, ಹಲ್ಲೆಣಿಸಿ ವಾಪಸ್ ಇಡುತ್ತಾರೆ. ಇದನ್ನು ಓದಿದ ನಮ್ಮ ವಿಜ್ಞಾನದ ಮಾಸ್ತರರೊಬ್ಬರಿಗೆ ಇಲ್ಲೂ ಮಾಡೋಣ ಎನ್ನಿಸಿತು ಅಂದುಕೊಳ್ಳಿ. ಬರೀ ಅಂದುಕೊಳ್ಳಿ. ಹಾಗೆ ಅನ್ನಿಸಿದವರನ್ನು ಚುನಾವಣೆ ಕೆಲಸಕ್ಕೂ ಜಾತಿಗಣತಿಗೂ ಹಾಕಿ ಬಹಳ ದಿನವಾಯಿತು.

ಏಳನೇ ಇಯತ್ತೆಯ ಹುಡುಗನೊಬ್ಬ ಹೊಲದ ಬದುವಿನಲ್ಲಿ ಸಿಕ್ಕಿದ್ದನ್ನು ಯೂರಿಯಾ ಚೀಲದಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲೆ ಸುರಿಯುತ್ತಾನೆ.

"ಸರ, ಇದು ನಾಯಿ ಬುರುಡಿ ಅದೇನ್ರಿ?"

"ಹಣಿ ನೋಡಲೇ ತಮ್ಮಾ. ನಾಯಿಂದು ಇದ್ರ ಇಲ್ಲಿ ತಗ್ಗು ಬೀಳ್ತದ. ಇದು ಸಪಾಟ ಅದ. ಕಣ್ಣಿನ ಗೂಡು ಎಷ್ಟು ವಾಲ್ಯಾದ ನೋಡು. ಇದು ತೋಳಂದು."

ಆ ದಿನ ಹಿಂದಿನ ಬೆಂಚಿನವರೂ ಮುಂದೆ ಬರುತ್ತಾರೆ. ಕಣ್ಣಿನ ಗೂಡು ಎರಡೂ ಮುಂದಕ್ಕೆ ತಿರುಗಿದ್ದರೆ ಅದು ಬೇಟೆಯಾಡುವ ಜಾತಿ, ಪಕ್ಕಕ್ಕೆ ತಿರುಗಿದ್ದರೆ ಬೇಟೆಯಾಗುವ ಜಾತಿ. ಕತ್ತೆಕಿರುಬದ ಕೋರೆಹಲ್ಲಿನ ಹಿಂದಿನ ಹಲ್ಲುಗಳು ಗಿಡ್ಡಗೆ, ದಪ್ಪಗೆ ಇರುವುದು ಎಲುಬು ಪುಡಿ ಮಾಡಲಿಕ್ಕೆ. ಚಿಗರಿಯ ಬುರುಡೆಯಲ್ಲಿ ಮೇಲ್ದವಡೆಗೆ ಮುಂದಿನ ಹಲ್ಲೇ ಇಲ್ಲ. ಬಿದ್ದು ಹೋದದ್ದಲ್ಲ, ಹುಟ್ಟಿದ್ದೇ ಇಲ್ಲ. ನಂಬಿಕೆ ಬರದಿದ್ದರೆ ಸಂಜೆ ಮನೆಗೆ ಹೋಗಿ ಆಡಿನ ಬಾಯಿ ತೆರೆದು ನೋಡಬಹುದು. ಚುಕ್ಕೆ ಜಿಂಕೆಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಚಿಗರಿಯ ತಿರುಚುಗೊಂಬು ಎಲುಬಿನ ಮೇಲೆ ಹೊದಿಸಿದ ಒರೆ, ಸಾಯುವ ತನಕ ತಲೆಯ ಮೇಲೇ ಇರುತ್ತದೆ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು, ಜಗತ್ತಿನ ಬೇರೆ ಯಾವ ಕಾಡುಪ್ರಾಣಿಗೂ ಆ ಲೆಕ್ಕ ಇಲ್ಲ. ಅದು ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಇರುವಾಗ ನಾವು ಕಾಂಗರೂ ಹೊಟ್ಟೆಚೀಲದ ಬಗ್ಗೆ ಎರಡು ಅಂಕದ ಪ್ರಶ್ನೆ ಕೇಳುತ್ತೇವೆ. ದೇಶದಲ್ಲಿ ಉಳಿದ ತೋಳಗಳು ಮೂರು ಸಾವಿರದ ಆಸುಪಾಸು. 2022ರ ಎಣಿಕೆಯಲ್ಲಿ ಹುಲಿ 3,682. ಹುಲಿಗಿಂತ ಕಡಿಮೆಯಿರುವ ಪ್ರಾಣಿಯ ಬುರುಡೆ ಯೂರಿಯಾ ಚೀಲದಲ್ಲಿ ಶಾಲೆಗೆ ಬಂದಿದೆ ಎಂದು ಗೊತ್ತಾದಾಗ ಆ ಹುಡುಗನ ಮುಖ ನೋಡಬೇಕು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬರುತ್ತಾರೆ. "ಯಾರ್ ತಂದಾರ? ಎಲ್ಲಿಂದ ತಂದಾರ? ಯಾಕ್ ತಂದಾರ?"

ಇವು ವಿಜ್ಞಾನದ ಪ್ರಶ್ನೆಗಳಲ್ಲ, ಠಾಣೆಯ ಪ್ರಶ್ನೆಗಳು. ಆದರೆ ಹೆಡ್‌ಮಾಸ್ತರರದು ತಪ್ಪೆನ್ನುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕ ಕಾಡುಪ್ರಾಣಿಯೂ ಅದರ ಅಂಗಾಂಗಗಳೂ ಸರ್ಕಾರದ ಆಸ್ತಿ. ಅದು ಸಿಕ್ಕವನು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ವರದಿ ಮಾಡಬೇಕು. ಬದುಕಿದ್ದಾಗ ಕುರಿ ಹಿಡಿಯಿತೆಂದು ಕಲ್ಲು ತಿಂದ ತೋಳ ಸತ್ತ ಕೂಡಲೇ ಸರ್ಕಾರಿ ಆಸ್ತಿಯಾಗುತ್ತದೆ. ನಮ್ಮಲ್ಲಿ ಅನುಕಂಪದ ನೌಕರಿಯೂ ಹಾಗೇ, ಮನೆಯಲ್ಲಿ ಒಬ್ಬರು ಸತ್ತ ಮೇಲೇ ಸಿಗುವುದು. ಬುರುಡೆ ಅದೇ ಯೂರಿಯಾ ಚೀಲದಲ್ಲಿ ವಲಯ ಅರಣ್ಯ ಕಚೇರಿಗೆ ಹೋಗುತ್ತದೆ. ಪಂಚರನ್ನು ಕರೆದು ಪಂಚನಾಮೆ, ಅರಗಿನ ಸೀಲು, ಚೀಟಿ. ಆಮೇಲೆ ಅದನ್ನು ನೋಡುವ ಭಾಗ್ಯ ಹೆಗ್ಗಣಗಳಿಗೆ ಮಾತ್ರ.

ಕಾನೂನು ಬಿಗಿಯಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಸಿಕ್ಕಿತು ಎಂದವರಿಗೆಲ್ಲ ಇಟ್ಟುಕೊಳ್ಳಲು ಬಿಟ್ಟರೆ ಮರುದಿನವೇ ಊರತುಂಬ ಎಲ್ಲರಿಗೂ "ಸಿಗ"ತೊಡಗುತ್ತದೆ. ಕಾಯ್ದೆ ಬರೆದವರಿಗೆ ಶಾಲೆಯ ನೆನಪೂ ಇತ್ತು. 12ನೇ ಕಲಮು ಶಿಕ್ಷಣಕ್ಕಾಗಿಯೂ ಪರವಾನಗಿ ಕೊಡಬಹುದು ಎನ್ನುತ್ತದೆ. ಕೊಡುವವರು ಮುಖ್ಯ ವನ್ಯಜೀವಿ ಪರಿಪಾಲಕರು. ತೋಳ ಒಂದನೇ ಪರಿಚ್ಛೇದದ್ದಾದ್ದರಿಂದ ಅವರು ಮೊದಲು ಕೇಂದ್ರದ ಅನುಮತಿ ಪಡೆಯಬೇಕು. ಅರ್ಜಿ ಶಾಲೆಯಿಂದ ಬಿಇಒ, ಅಲ್ಲಿಂದ ಡಿಡಿಪಿಐ, ಅಲ್ಲಿಂದ ಡಿಸಿಎಫ್, ಅಲ್ಲಿಂದ ಮಲ್ಲೇಶ್ವರದ ಅರಣ್ಯ ಭವನ, ಅಲ್ಲಿಂದ ದಿಲ್ಲಿ. ಪ್ರತಿ ಮೇಜಿನಲ್ಲೂ "ಪರಿಶೀಲಿಸಿ ಮಂಡಿಸಿ". ಉತ್ತರ ಬರುವ ಹೊತ್ತಿಗೆ ಬುರುಡೆ ತಂದ ಹುಡುಗ ಪಿಯುಸಿ ಮುಗಿಸಿ, ಸಿಮೆಂಟ್ ಫ್ಯಾಕ್ಟರಿಯ ಗೇಟಿನಲ್ಲಿ ಸೀಟಿ ಊದುತ್ತ ಲಾರಿ ಎಣಿಸುತ್ತಿರುತ್ತಾನೆ.

ಹಾಗಾದರೆ ನಾಡಿನಲ್ಲಿ ಬುರುಡೆಯೂ ಚರ್ಮವೂ ಇಲ್ಲವೇ? ಬೇಕಾದಷ್ಟಿವೆ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಇಪ್ಪತ್ತನೇ ಶತಮಾನದ ಉದ್ದಕ್ಕೂ ರಾಜರ, ಸಾಹೇಬರ ಬೇಟೆಯನ್ನು ಜೀವ ಬಂದಂತೆ ನಿಲ್ಲಿಸಿತು. ಅಲ್ಲಿ ಸಿದ್ಧವಾದ ಹುಲಿ, ಚಿರತೆಗಳೇ 43,000ಕ್ಕೂ ಹೆಚ್ಚು ಎಂಬ ಲೆಕ್ಕವಿದೆ. ಗಾಜಿನ ಕಣ್ಣು, ಬಣ್ಣದ ನಾಲಿಗೆ, ಯಾವಾಗಲೂ ತೆರೆದ ಬಾಯಿ. ಅವು ಬಂಗಲೆಗಳ ಗೋಡೆ ಸೇರಿದವು, ಕ್ಲಬ್ಬುಗಳ ಬಾರಿನ ಮೇಲೆ ಕೂತವು. ಶಾಲೆಯ ಕಡೆ ಒಂದೂ ತಿರುಗಿ ನೋಡಲಿಲ್ಲ. 2003ರಲ್ಲಿ ಮನೆಯಲ್ಲಿದ್ದ ಹಳೆಯ ಮಾಲನ್ನು ಘೋಷಿಸಿಕೊಳ್ಳಲು 180 ದಿನ ಕೊಟ್ಟರು. ಗೊತ್ತಿದ್ದವರು ಘೋಷಿಸಿ ಕಾಗದ ಮಾಡಿಸಿಕೊಂಡರು. ಅಜ್ಜ ಹೊಡೆದ ಹುಲಿ ಹೀಗೆ ಮೊಮ್ಮಗನ ಹೆಸರಿಗೆ ಖಾತೆಯಾಯಿತು. ಬದುವಿನಲ್ಲಿ ತಾನಾಗಿ ಸತ್ತ ತೋಳದ ಬುರುಡೆಗೆ ಪಂಚನಾಮೆ, ಗುಂಡು ಹೊಡೆದು ತಂದ ಹುಲಿಗೆ ಮಾಲೀಕತ್ವದ ಪ್ರಮಾಣಪತ್ರ.

ರಾಜ್ಯಕ್ಕೆ ವನ್ಯಜೀವಿ ಶಿಕ್ಷಣ ಸಾಮೂಹಿಕವಾಗಿ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ. ಬಿಗ್‌ಬಾಸ್ ಮನೆಯೊಳಗಿದ್ದ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಪೆಂಡೆಂಟಿಗಾಗಿ ಅರಣ್ಯ ಇಲಾಖೆ ಹೊತ್ತೊಯ್ದಿತು. ಕೆಲವೇ ದಿನಗಳಲ್ಲಿ ಸಿನಿಮಾದವರ ಮನೆಗಳಿಗೂ ಜೀಪುಗಳು ಹೋದವು. ತಮಾಷೆಯೆಂದರೆ, ವರ್ಷಗಟ್ಟಲೆ ಎದೆಯ ಮೇಲೆ ಗತ್ತಿನಿಂದ ತೂಗಿದ ಉಗುರುಗಳಲ್ಲಿ ಎಷ್ಟೋ ರಾತ್ರೋರಾತ್ರಿ ಪ್ಲಾಸ್ಟಿಕ್ ಆದವು. "ಅಸಲಿ ಅಲ್ಲ ಸರ್, ಡೂಪ್ಲಿಕೇಟ್" ಎಂದು ಹೆಮ್ಮೆಯಿಂದ ಹೇಳಿಕೊಂಡ ಕಾಲ ಕರ್ನಾಟಕದಲ್ಲಿ ಅದೊಂದೇ. 2024ರ ಜನವರಿಯಲ್ಲಿ ಸರ್ಕಾರ ಮೂರು ತಿಂಗಳು ಗಡುವು ಕೊಟ್ಟು ಮನೆಯಲ್ಲಿರುವ ವನ್ಯಜೀವಿ ವಸ್ತುಗಳನ್ನು ಒಪ್ಪಿಸಿ ಎಂದಿತು. ಹಾಗೆ ಒಪ್ಪಿಸಿದ್ದರಲ್ಲಿ ಒಂದು ಕೊಂಬನ್ನಾದರೂ ಕಲಬುರಗಿ ಕಡೆಯ ಶಾಲೆಗೆ ಕಳಿಸೋಣ ಎಂದು ಯಾರೂ ಬಾಯಿತಪ್ಪಿ ಕೂಡ ಅನ್ನಲಿಲ್ಲ. ಮಕ್ಕಳಿಗೆ ತೋರಿಸಬೇಕೆಂದರೆ ಮೈಸೂರಿನ ಕಾರಂಜಿ ಕೆರೆ ದಂಡೆಯಲ್ಲಿ ಪ್ರಾದೇಶಿಕ ನಿಸರ್ಗ ವಿಜ್ಞಾನ ಮ್ಯೂಸಿಯಂ 1995ರಿಂದ ಇದೆಯಲ್ಲ. ಸೇಡಂನಿಂದ ಆರುನೂರು ಕಿಲೋಮೀಟರಿಗೂ ಆಚೆ ಇದ್ದರೇನಾಯಿತು, "ಪ್ರಾದೇಶಿಕ" ಎಂದಿದ್ದಾರೆ, ಪ್ರದೇಶ ಯಾವುದೆಂದು ನಾವು ಕೇಳಬಾರದು.

ಬುರುಡೆ, ಚರ್ಮಗಳ ವಿದ್ಯೆಯಲ್ಲಿ ನಿಜವಾಗಿ ಮುಂದುವರಿದವರು ಖೋಟಾ ಮಾಲಿನವರು. ನರಿಗೆ ಕೊಂಬಿಲ್ಲ. ಏಳನೇ ಇಯತ್ತೆಯಲ್ಲಿ ಒಮ್ಮೆ ನರಿಯ ಬುರುಡೆ ಮುಟ್ಟಿ ನೋಡಿದವನಿಗೆ ಅದು ಬದುಕಿಡೀ ಗೊತ್ತಿರುತ್ತದೆ. ಮುಟ್ಟದವನು ದೊಡ್ಡವನಾಗಿ, ಅಂಗಡಿ ಹಾಕಿ, ಗಲ್ಲಾಪೆಟ್ಟಿಗೆಯೊಳಗೆ ಇಡಲು "ನರಿ ಕೊಂಬು" ಕೊಂಡು ತರುತ್ತಾನೆ. ಎಲುಬಿನ ಚೂರಿಗೆ ಕೂದಲಿದ್ದ ತೊಗಲು ಸುತ್ತಿದ ಮಾಲು, ಮೇಲೆ ಕುಂಕುಮ. ಅದಕ್ಕಾಗಿ ಎಲ್ಲೋ ಒಂದು ನಿಜವಾದ ನರಿ ಸತ್ತಿರುತ್ತದೆ. ಮಾರುವವನ ಜೀವಶಾಸ್ತ್ರ ಪಕ್ಕಾ, ಕೊಳ್ಳುವವನದು ಗೋಡೆಯ ಚಿತ್ರ ನೋಡಿ ಕಲಿತದ್ದು.

ಇನ್ನು ಅಸಲಿ ವಿದ್ಯೆ ಬಲ್ಲವರು ಈ ಸೀಮೆಯ ಬೇಟೆಗಾರ ಸಮುದಾಯದ ಹರಣಶಿಕಾರಿಗಳು. ಹೆಜ್ಜೆ ನೋಡಿ ಗಂಡೋ ಹೆಣ್ಣೋ, ಗಬ್ಬವೋ, ಯಾವ ಹೊತ್ತಿಗೆ ಹಾದು ಹೋಯಿತೋ ಹೇಳಬಲ್ಲ ಹಿರಿಯರು ಅವರಲ್ಲಿ ಇದ್ದಾರೆ. ಬ್ರಿಟಿಷರು ಇಂಥ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು 1871ರಲ್ಲಿ ಕಾಯ್ದೆ ಮಾಡಿದರು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿತು. ಪೊಲೀಸರಿಗೆ ರದ್ದಾದ ಸುದ್ದಿ ಇನ್ನೂ ಪೂರ್ತಿ ಮುಟ್ಟಿದಂತಿಲ್ಲ. ಶಾಲೆಗೆ ಅತಿಥಿ ಉಪನ್ಯಾಸಕ್ಕೆ ಇವರನ್ನು ಕರೆಯಬಹುದು. ಕರೆದರೆ ಮೊದಲ ಪಾಠ ಮುಗಿಯುವುದರೊಳಗೆ ಊರಲ್ಲಿ ಕಳುವಾದ ಕೋಳಿಗಳ ಪಟ್ಟಿ ಶಾಲೆಯ ಗೇಟಿಗೆ ಬಂದಿರುತ್ತದೆ.

ಆದ್ದರಿಂದ ಕಾನೂನು ಮುರಿಯದ, ಫೈಲು ಅಲೆಯದ ದಾರಿಯೊಂದನ್ನು ನಾನೇ ಸೂಚಿಸುತ್ತೇನೆ. ಶಹಾಬಾದ್ ಫರಸಿಯೊಳಗೆ ಬುರುಡೆ ಹುಡುಕುವುದು ವ್ಯರ್ಥ. ಅದು ಜೀವಿಗಳಿಗೆ ಎಲುಬು ಮೂಡುವ ಮೊದಲೇ ಕೂತು ಗಟ್ಟಿಯಾದ ಕಲ್ಲು. ಆದರೆ ಅದೇ ಸುಣ್ಣಕಲ್ಲನ್ನು ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳು 1450 ಡಿಗ್ರಿಯಲ್ಲಿ ಸುಟ್ಟು ರೈಲುಗಟ್ಟಲೆ ಸಿಮೆಂಟು ಮಾಡುತ್ತಿವೆ. ಅಸಲಿ ಬುರುಡೆ ಇಲಾಖೆಯ ಕೋಣೆಯಲ್ಲೇ ಇರಲಿ. ಅದರ ಅಚ್ಚು ತೆಗೆದು ಸಿಮೆಂಟಿನಲ್ಲಿ ಎರಕ ಹೊಯ್ಯಿರಿ. ಅಚ್ಚಿಗೆ ಪಂಚನಾಮೆ ಇಲ್ಲ. ತೋಳಕ್ಕೆ 53 ಗ್ರೇಡು, ನರಿಗೆ 43 ಸಾಕು. ಯಾವ ಖಣಿಯ ದಿಬ್ಬದಲ್ಲಿ ಬಿಲವಿತ್ತೋ ಅದೇ ಖಣಿಯಿಂದ ಅಗೆದ ಕಲ್ಲಿನಲ್ಲಿ ಅದರ ತಲೆ ಮೂಡಿ ಬರುತ್ತದೆ. ಸಿಎಸ್‌ಆರ್ ವರದಿಯಲ್ಲಿ "ಜೀವವೈವಿಧ್ಯ ಸಂರಕ್ಷಣೆ" ಎಂಬ ಶೀರ್ಷಿಕೆಯಡಿ ಬಣ್ಣದ ಫೋಟೋ ಹಾಕಿಕೊಳ್ಳಬಹುದು.

ಈ ಸಿಮೆಂಟು ಬುರುಡೆಗಳ ಉದ್ಘಾಟನೆ ಹೇಗೆ ನಡೆಯುತ್ತದೆ ಎಂಬುದನ್ನೂ ಈಗಲೇ ಹೇಳಬಲ್ಲೆ. ಹನ್ನೊಂದಕ್ಕೆ ಎಂದ ಕಾರ್ಯಕ್ರಮ ಎರಡೂವರೆಗೆ ಶುರು. ಮಕ್ಕಳು ಬಿಸಿಲಲ್ಲಿ ಸಾಲಾಗಿ. ಗಣ್ಯರಿಗೆ ನವಿಲುಗರಿಯ ಹಾರ. ಪ್ರಾಣಿಪಕ್ಷಿಯ ಮೈಮೇಲಿನದರಲ್ಲಿ ವನ್ಯಜೀವಿ ಕಾಯ್ದೆ ಉದಾರವಾಗಿ ಬಿಟ್ಟುಕೊಟ್ಟದ್ದು ನವಿಲಿನ ಬಾಲದ ಗರಿ, ಆದ್ದರಿಂದ ಹಾರಕ್ಕೆ ತೊಂದರೆಯಿಲ್ಲ. ಅಧ್ಯಕ್ಷರು ತೋಳದ ಬುರುಡೆ ಎತ್ತಿ ಹಿಡಿದು, "ಇಂಥ ಹುಲಿಗಳನ್ನು ನಾವು ಉಳಿಸಬೇಕು" ಎಂದು ಕರೆ ಕೊಡುತ್ತಾರೆ. ಚಪ್ಪಾಳೆ. ಫೋಟೋ. ಪುಲಾವ್.

ಸಂಜೆ ಪೆಂಡಾಲು ಬಿಚ್ಚುವಾಗ ವಿಜ್ಞಾನದ ಮಾಸ್ತರರು ಹೆಡ್‌ಮಾಸ್ತರರನ್ನು ಕೇಳುತ್ತಾರೆ: "ಸರ, ನಾಳಿ ಫಸ್ಟ್ ಪೀರಿಯಡ್‌ಗೆ ಆ ಬುರುಡಿ ಕೊಡ್ರಿ, ಮಕ್ಕಳಿಗಿ ತೋರಸ್ತೀನಿ."

ಹೆಡ್‌ಮಾಸ್ತರರು ಅಷ್ಟೊತ್ತಿಗಾಗಲೇ ಅದನ್ನು ಸೂಕ್ಷ್ಮದರ್ಶಕ, ಗ್ಲೋಬು, ಕಳೆದ ವರ್ಷ ಬಂದ ಟ್ಯಾಬುಗಳ ಪಕ್ಕದಲ್ಲಿಟ್ಟು ಗೋದ್ರೆಜ್ ಬೀರುವಿಗೆ ಬೀಗ ಹಾಕಿರುತ್ತಾರೆ.

"ಏನ್ ಮಾತಾಡ್ತೀರಿ ಮಾಸ್ತರ್? ಸ್ಟಾಕ್ ಬುಕ್ಕಿಗಿ ಏರ್ಸೀನಿ. ಪಾರಗೋಳು ಮುಟ್ಟಿ ಮುಕ್ಕು ಮಾಡಿದ್ರ ಆಡಿಟ್‌ನವರಿಗಿ ಯಾರ್ ಜವಾಬ್ ಕೊಡಬೇಕ್ರಿ?"