ಪಾಯಿಂಟಿನ ಮುಂದಿನ ಮಾಯೆ

ನಮ್ಮ ಕಡೆ ಕಣ್ಣಿಗೆ ಕಾಣುವುದಕ್ಕೆಲ್ಲ ಅಂದಾಜು ಸಾಕು. ದಾರಿ ಕೇಳಿದರೆ ‘ಇಲ್ಲೇ, ಒಂದೀಟ ಮುಂದ’; ಜಾತ್ರಿಗೆ ಎಷ್ಟು ಮಂದಿ ಎಂದರೆ ‘ಭಾಳ’. ಕಾಣದಿರುವುದಕ್ಕೆ ಮಾತ್ರ ಕರಾರುವಾಕ್ಕು ಲೆಕ್ಕ. ಎಷ್ಟು ಕಾಣದೋ ಪಾಯಿಂಟಿನ ಮುಂದೆ ಅಷ್ಟು ಅಂಕಿ.

ಮುಧೋಳದ ಕಬ್ಬನ್ನೇ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ, ರಿಕವರಿ ಶೇ. 10.25 ಇದ್ದರೆ. ರಿಕವರಿಯೆಂದರೆ ಕಬ್ಬಿನಿಂದ ಇಳಿಯುವ ಸಕ್ಕರೆಯ ಪಾಲು. ಬೆಳೆದವನು ಅದನ್ನು ಕಂಡವನಲ್ಲ. ಅದು ಹುಟ್ಟುವುದೂ ಬೆಳೆಯುವುದೂ ಸೊರಗುವುದೂ ಕಾರ್ಖಾನೆಯ ಕಾಗದದಲ್ಲಿ. 0.1 ಸೊರಗಿದರೆ ಟನ್ನಿಗೆ 34 ರೂಪಾಯಿ 60 ಪೈಸೆ ಮಾಯ. ಕಟಾವು, ಸಾಗಾಣಿಕೆಯ ಕಡಿತ ಬೇರೆ. ಕಾಟಾದಿಂದ ಟ್ರ್ಯಾಕ್ಟರ್ ಇಳಿಸಿಕೊಂಡು ಬಂದ ಕಾಕಾ ಒಬ್ಬರನ್ನು ‘ಎಷ್ಟ ಬಂತ್ರೀ?’ ಎಂದೆ. ‘ಕಬ್ಬು ನಂದು, ತೂಕ ಅವರ್ದು’ ಎಂದು ಎಲಿ-ಅಡಿಕಿ ಚೀಲ ಬಿಚ್ಚಿದರು.

1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಆ ಬಡ್ಡಿ ಎಣಿಸಿಕೊಂಡ ರೈತನನ್ನು ತೋರಿಸಿದವರಿಗೆ ಮಹಾಲಿಂಗಪುರದ ಒಂದು ಪೆಂಟಿ ಬೆಲ್ಲ ನನ್ನ ಲೆಕ್ಕದಲ್ಲಿ.

ಬೀಳಗಿಗೆ ಬಂದರೆ ಪಾಯಿಂಟಿನ ಮುಂದೆ ಮೂರು ಅಂಕಿ: 524.256 ಮೀಟರ್. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲುವುದು 519.60ಕ್ಕೆ. 524.256ಕ್ಕೆ ಏರಿಸಿಕೊಳ್ಳಿ ಎಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಹೇಳಿತ್ತು. ನೀರು ಏರಲಿಲ್ಲ, ‘ಮುಳುಗಡೆ’ ಎಂಬ ಹೆಸರು ಮಾತ್ರ ಹೊಲಗಳ ಮೇಲೇರಿ ಕೂತಿತು. ಮಯಸಭೆಯಲ್ಲಿ ದುರ್ಯೋಧನ ನೆಲವನ್ನು ನೀರೆಂದು ತಿಳಿದು ಧೋತರ ಎತ್ತಿದನಂತೆ. ಅವನ ತೊಡೆ ಮುರಿದ ಕಥೆ ಬರೆದ ರನ್ನ ನಮ್ಮ ಮುಧೋಳದವನೇ; ಈಗಿದ್ದರೆ ಬೀಳಗಿಯಲ್ಲೇ ಮನೆ ಮಾಡುತ್ತಿದ್ದ. ಇಲ್ಲಿ ನೆಲವನ್ನು ನೀರೆನ್ನುವವರು ಧೋತರ ಎತ್ತುವುದಿಲ್ಲ, ಫೈಲು ಎತ್ತಿಡುತ್ತಾರೆ. ಆಳೆತ್ತರ ಕಬ್ಬು ನಿಂತ ಹೊಲದ ಮೇಲೆ ಸಾಲ ಕೇಳಿದರೆ ‘ಅದು ನೀರಾಗ ಹೋಗೂದೈತಲ್ಲಪಾ’. ಪರಿಹಾರ ಕೇಳಿದರೆ ‘ನೀರ ಇನ್ನೂ ಎಲ್ಲಿ ಬಂದೈತಿ?’ 2025ರ ಸೆಪ್ಟೆಂಬರಿನಲ್ಲಿ ಸಂಪುಟವು ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಎಂದದ್ದೇ ತಡ, ಕಟ್ಟೆಯ ಮೇಲೆ ಕೂತವರು ಬೊಲೆರೊದ ಬಣ್ಣ ಆರಿಸಿದರು.

ಜಮಖಂಡಿಯ ರೈತರು ಮಾತ್ರ ಒಮ್ಮೆ ದಾರಿ ತಪ್ಪಿದರು. ಸರ್ಕಾರಕ್ಕೆ ಕಾಯದೆ ತಾವೇ ರೊಕ್ಕ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಬಿಟ್ಟರು. ಅದು ಬರಿಗಣ್ಣಿಗೆ ಕಾಣುತ್ತದೆ, ನೀರೂ ನಿಲ್ಲಿಸುತ್ತದೆ. ಹೀಗಾಗಿ ‘ಕಟ್ಟಿಸಿಕೊಡುತ್ತೇವೆ’ ಎಂದು ಭಾಷಣ ಮಾಡಲು ಯಾರಿಗೂ ಅನುಕೂಲವಿಲ್ಲ. ಭಾಷಣಕ್ಕೆ ಒದಗುವುದು ಬಾಗಲಕೋಟೆ–ಕುಡಚಿ ರೈಲು: 142 ಕಿಲೋಮೀಟರ್, 2010ರಲ್ಲಿ ಮಂಜೂರು. ಬನಹಟ್ಟಿಯ ನೇಕಾರಣ್ಣ ಒಬ್ಬರನ್ನು ‘ನಮ್ಮ ರೈಲು ಯಾವಾಗ ಬರತೈತ್ರಿ?’ ಎಂದರೆ, ಪವರ್‌ಲೂಮಿನ ಖಟಖಟ ನಿಲ್ಲಿಸದೆಯೇ ಕೂಗಿ ಹೇಳಿದರು:

‘ಐದ ವರ್ಷಕ್ಕೊಮ್ಮೆ ಬಂದು ಹೊಕ್ಕೈತಲ್ರೀ!’