ಒಗ್ಗರಣೆಗೊಂದು ರಂಪ

ಅಮೆರಿಕದಲ್ಲಿರುವ ಮಗನ ಮನೆಗೆ ಮೊದಲ ಸಲ ಹೊರಟ ತಾಯಿಗೆ ಬುದ್ಧಿಮಾತು ಹೇಳುವವರಿಗೇನೂ ಬರವಿಲ್ಲ. ಸೂಟ್‌ಕೇಸ್ 23 ಕೆಜಿ ಮೀರಬಾರದು, ಉಪ್ಪಿನಕಾಯಿ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಬೇಕು, ಇಮಿಗ್ರೇಷನ್ನಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಅಡುಗೆಮನೆಯ ಹೊರಗೆ ಛಾವಣಿಗೆ ಅಂಟಿಕೊಂಡಿರುವ ಬಿಳಿ ಬಿಲ್ಲೆಯ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ.

ಸ್ಮೋಕ್ ಅಲಾರಂ ಎಂಬ ಆ ಬಿಲ್ಲೆಯ ಪರಿಚಯವಾಗುವುದು ಮೊದಲ ದಿನವೇ. ಜೆಟ್ ಲ್ಯಾಗಿನ ದೆಸೆಯಿಂದ ಬೆಳಗಿನ ಜಾವಕ್ಕೇ ಎಚ್ಚರಾಗಿ, ಸುಮ್ಮನೆ ಕೂರಲಾರದೆ ತಾಯಿ ಅವಲಕ್ಕಿಗೆ ಒಗ್ಗರಣೆ ಇಡುತ್ತಾರೆ. ಎಣ್ಣೆ ಕಾಯುತ್ತದೆ, ಸಾಸಿವೆ ಸಿಡಿಯುತ್ತದೆ, ಒಣಮೆಣಸಿನಕಾಯಿ ಬೀಳುತ್ತದೆ. ಬಿಲ್ಲೆ ಮೂರು ಸಲ ಕಿರುಚಿ, ಚೂರು ಸುಧಾರಿಸಿಕೊಂಡು, ಮತ್ತೆ ಮೂರು ಸಲ ಕಿರುಚುತ್ತದೆ. ಎಲ್ಲ ಬಿಲ್ಲೆಗಳನ್ನೂ ಒಂದಕ್ಕೊಂದು ಜೋಡಿಸಿರುವ ಮನೆಯಾದರೆ ಮಹಡಿಯದೂ ನೆಲಮಾಳಿಗೆಯದೂ ದನಿಗೂಡಿಸುತ್ತವೆ. ಸೊಸೆ ಟವೆಲ್ ಬೀಸುತ್ತಾ ಓಡಿ ಬರುತ್ತಾಳೆ, ಮಗ ಹತ್ತಿ ನಿಲ್ಲಲು ಕುರ್ಚಿ ಹುಡುಕುತ್ತಾನೆ, ತಾಯಿಯ ಜೊತೆ ಬಂದ ಯಜಮಾನರು, ಅಂದರೆ ರಾಯರು, ಹಾಸಿಗೆಯ ಮೇಲೆ ಎದ್ದು ಕೂತು ಕನ್ನಡಕಕ್ಕಾಗಿ ತಡಕಾಡುತ್ತಾರೆ. ಆರು ವರ್ಷದ ಮೊಮ್ಮಗ ಮಾತ್ರ ಶಾಲೆಯಲ್ಲಿ ಕಲಿಸಿದಂತೆ ಮುಂಬಾಗಿಲು ತೆರೆದು, ಅಂಗಳದ ಹುಲ್ಲಿನ ಮೇಲೆ ಹೋಗಿ ನಿಲ್ಲುತ್ತಾನೆ. ಇಡೀ ಮನೆಯಲ್ಲಿ ಸರಿಯಾಗಿ ನಡೆದುಕೊಂಡವನು ಅವನೊಬ್ಬನೇ.

ಇದು ಸ್ವಂತ ಮನೆಯ ಕಥೆಯಾಯಿತು. ಅಪಾರ್ಟ್‌ಮೆಂಟಿನಲ್ಲಿ ಹೊಗೆ ಹೋಗಲೆಂದು ಕಾರಿಡಾರಿನ ಕಡೆಯ ಬಾಗಿಲು ತೆರೆದವರು ಕೆಟ್ಟರು. ಕಾರಿಡಾರಿನ ಬಿಲ್ಲೆ ಇಡೀ ಕಟ್ಟಡದ ಅಲಾರಮ್ಮಿಗೆ ಸೇರಿದ್ದರೆ ಎಲ್ಲ ಮಹಡಿಗಳ ಜನ ಪೈಜಾಮದಲ್ಲೇ ಇಳಿದು ಚಳಿಯಲ್ಲಿ ನಿಲ್ಲುತ್ತಾರೆ, ಕೆಂಪು ಗಾಡಿ ಬರುತ್ತದೆ, ಹೆಲ್ಮೆಟ್ಟಿನವರು ಧಡಧಡ ಮೇಲೆ ಹೋಗಿ ಬಾಣಲೆಯ ದರ್ಶನ ಮಾಡಿಕೊಂಡು ಬರುತ್ತಾರೆ. ತೆರೆಯಬೇಕಾದ್ದು ಕಿಟಕಿ.

ಬಿಲ್ಲೆಯೊಳಗೆ ಏನಿದೆ ಎಂದು ಗೊತ್ತಾದರೆ ತಾಯಿಗೆ ಇನ್ನಷ್ಟು ಗಾಬರಿಯಾದೀತು. ಹಳೆಯ ಬಗೆಯದರಲ್ಲಿ ಇರುವುದು ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತು. ಗಾಬರಿ ಬೇಡ, ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರಿಂದ ಹೊಮ್ಮುವ ಆಲ್ಫಾ ಕಣಗಳು ಎರಡು ತಗಡುಗಳ ನಡುವಿನ ಗಾಳಿಯನ್ನು ಅಯಾನುಗಳಾಗಿಸಿ, ಚಿಟಿಕೆಯಷ್ಟು ವಿದ್ಯುತ್ ಹರಿಯುವಂತೆ ಮಾಡುತ್ತವೆ. ಹೊಗೆಯ ಕಣಗಳು ನಡುವೆ ನುಗ್ಗಿ ಅಯಾನುಗಳನ್ನು ಹಿಡಿದುಕೊಂಡರೆ ಆ ಹರಿವು ಕುಗ್ಗುತ್ತದೆ, ರಂಪ ಶುರುವಾಗುತ್ತದೆ. ಆಲ್ಫಾ ಕಣಕ್ಕೆ ಒಂದು ಹಾಳೆ ಕಾಗದ ದಾಟುವ ತಾಕತ್ತೂ ಇಲ್ಲ. ಬಿಚ್ಚಿ ಕೆದಕದಿದ್ದರೆ ಆಯಿತು.

ಈ ಧಾತುವಿನ ಜಾತಕವೇ ತಮಾಷೆಯದು. 1944ರಲ್ಲಿ ಇದನ್ನು ಕಂಡುಹಿಡಿದ ಗ್ಲೆನ್ ಸೀಬೋರ್ಗ್ ತಂಡ ಯುದ್ಧಕಾಲದ ಗುಟ್ಟೆಂದು ಬಾಯಿ ಹೊಲಿದುಕೊಂಡಿತ್ತು. 1945ರ ನವೆಂಬರಿನಲ್ಲಿ ಸೀಬೋರ್ಗ್ ಮಕ್ಕಳ ರೇಡಿಯೊ ಕಾರ್ಯಕ್ರಮವೊಂದಕ್ಕೆ ಹೋದಾಗ, ಹೊಸ ಧಾತು ಯಾವುದಾದರೂ ಸಿಕ್ಕಿದೆಯೇ ಎಂಬ ಪ್ರಶ್ನೆ ಬಂತು. ಅವರು ಅಲ್ಲೇ ಹೇಳಿಬಿಟ್ಟರು. ವಿಜ್ಞಾನಿಗಳ ಸಭೆಗೆ ವಿಷಯ ಮುಟ್ಟುವುದಕ್ಕೆ ಇನ್ನೂ ಕೆಲವು ದಿನ ಇತ್ತು! ಹೊಗೆ ಹಿಡಿಯುವ ಉಪಾಯ ಹೊಳೆದದ್ದೂ ಹೀಗೇ ಅಡ್ಡದಾರಿಯಲ್ಲಿ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆಮಾಡುವ ಯಂತ್ರ ಮಾಡಲು ಹೋಗಿ ಸೋತರು. ಬೇಜಾರಾಗಿ ಒಂದು ಸಿಗರೇಟು ಹಚ್ಚಿದರು. ಅನಿಲಕ್ಕೆ ಅಲುಗದ ಮೀಟರಿನ ಮುಳ್ಳು ಸಿಗರೇಟಿನ ಹೊಗೆಗೆ ಅಲುಗಿತಂತೆ. ಧೂಮಪಾನದಿಂದ ಜಗತ್ತಿಗೆ ಆದ ಉಪಕಾರಗಳ ಪಟ್ಟಿ ಬಹುಶಃ ಇಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಬಗೆಯದು ಬೆಳಕಿನಿಂದ ಕೆಲಸ ಮಾಡುತ್ತದೆ: ಒಳಗಿನ ಬೆಳಕಿನ ಕೋಲು ಹೊಗೆಗೆ ಸಿಕ್ಕಿ ಚದುರಿದರೆ ಕೂಗು. ಹಾಸಿಗೆ, ಸೋಫಾಗಳಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಹೊಗೆಯಾಡುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಧಗ್ಗೆಂದು ಉರಿಯುವುದನ್ನು ಅಮೆರಿಸಿಯಂನದು ಬೇಗ ಹಿಡಿಯುತ್ತದೆ. ಒಗ್ಗರಣೆಗೆ ಹೆಚ್ಚು ರಂಪ ಮಾಡುವುದೂ ಅದೇ. ಹಾಗಾಗಿ ಒಲೆಯಿಂದ ಹತ್ತು ಅಡಿಯಾದರೂ ದೂರ ಇಡಿ ಎನ್ನುತ್ತಾರೆ ಬಲ್ಲವರು. ಅಡುಗೆಗೂ ಅನಾಹುತಕ್ಕೂ ಇರುವ ವ್ಯತ್ಯಾಸ ಯಂತ್ರಕ್ಕೆ ತಿಳಿಯಲಿ ಎಂದು ಯುಎಲ್ 217 ಎಂಬ ಅಮೆರಿಕನ್ ಮಾನದಂಡದ ಇತ್ತೀಚಿನ ಆವೃತ್ತಿಗಳಲ್ಲಿ ಒಂದು ಪರೀಕ್ಷೆ ಸೇರಿಸಿದ್ದಾರೆ. ಪ್ರಯೋಗಾಲಯದಲ್ಲಿ ಹ್ಯಾಂಬರ್ಗರ್ ಸುಡುತ್ತಾರೆ. ಆ ಹೊಗೆಗೆ ಬಿಲ್ಲೆ ಆತುರಪಟ್ಟು ಬಾಯಿ ಬಿಡಬಾರದು. ಹ್ಯಾಂಬರ್ಗರಿಗೆ ಸಿಕ್ಕ ಈ ರಿಯಾಯಿತಿ ಇಂಗು, ಸಾಸಿವೆ, ಗುಂಟೂರು ಮೆಣಸಿನಕಾಯಿಗೆ ಎಂದು ಸಿಗುವುದೋ!

ಗೃಹಪ್ರವೇಶದ್ದು ಇನ್ನೊಂದು ಪೇಚು. ಸಮಿತ್ತು, ತುಪ್ಪ, ಪೂರ್ಣಾಹುತಿ ಎಂದರೆ ಬಿಲ್ಲೆಗೆ ಹಬ್ಬ. ಹೋಮವನ್ನು ಗ್ಯಾರೇಜಿನ ಬಾಗಿಲ ಬಳಿಗೋ ಹಿತ್ತಲಿಗೋ ಸಾಗಿಸುವವರಿದ್ದಾರೆ. ಸ್ನಾನದ ಪ್ಲಾಸ್ಟಿಕ್ ಟೋಪಿಯನ್ನು ಬಿಲ್ಲೆಗೆ ತೊಡಿಸುವವರೂ ಇದ್ದಾರೆ. ಪುರೋಹಿತರು ದಕ್ಷಿಣೆ ತೆಗೆದುಕೊಂಡು ಹೊರಡುತ್ತಾರೆ. ಟೋಪಿ ಮುಂದಿನ ಯುಗಾದಿಯವರೆಗೆ ಅಲ್ಲೇ ಇರುತ್ತದೆ.

ಕಿರುಚಾಟವನ್ನಾದರೂ ಸಹಿಸಬಹುದು, ನಡುರಾತ್ರಿಯ ‘ಚಿಂವ್’ ಸಹಿಸುವುದು ಕಷ್ಟ. ಬ್ಯಾಟರಿ ಮುಗಿಯುತ್ತ ಬಂದಾಗ ನಿಮಿಷಕ್ಕೊಮ್ಮೆ ಬರುವ ಸದ್ದು ಅದು. ತಾಯಿ ಅದನ್ನು ಹಲ್ಲಿ ಎಂದುಕೊಂಡು, ‘ಕೃಷ್ಣ ಕೃಷ್ಣ’ ಎಂದು ಮಂಚ ತಟ್ಟಿ, ಯಾವ ದಿಕ್ಕಿನಿಂದ ಲೊಚಗುಟ್ಟಿತು ಎಂದು ಲೆಕ್ಕ ಹಾಕುತ್ತಾರೆ. ಪಕ್ಕದಲ್ಲಿ ರಾಯರು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಾರೆ. ಈ ಬಿಲ್ಲೆಗಳ ದನಿ ಸಾಮಾನ್ಯವಾಗಿ 3,000 ಹರ್ಟ್ಸ್ ಆಸುಪಾಸಿನದು, ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಅಂಥ ಎತ್ತರದ ಸ್ವರಗಳನ್ನೇ. ಕಿವಿ ಮಂದವಾದವರನ್ನು ಎಬ್ಬಿಸಲು 520 ಹರ್ಟ್ಸಿನ ತಗ್ಗುದನಿಯವು ಬೇರೆಯೇ ಸಿಗುತ್ತವೆ. ಚಿಂವ್ ನಡುರಾತ್ರಿಯೇ ಏಕೆ? ದ್ವೇಷವೇನಿಲ್ಲ. ತಂಪಿನಲ್ಲಿ ಬ್ಯಾಟರಿಯ ರಸಾಯನ ಮಂದವಾಗುತ್ತದೆ. ಹೀಟರ್ ತಗ್ಗಿಸಿ ಮಲಗಿದ ಮನೆ ಬೆಳಗಿನ ಜಾವಕ್ಕೆ ತಣ್ಣಗಾದಾಗ, ಕೊನೆಯುಸಿರಿನ ಬ್ಯಾಟರಿಯ ವೋಲ್ಟೇಜು ಗೆರೆ ದಾಟಿ ಕೆಳಗಿಳಿಯುತ್ತದೆ.

ಆಗ ರಾಯರ ಮಗ ಮಾಡುವುದನ್ನೇ ಲಕ್ಷಾಂತರ ಜನ ಮಾಡುತ್ತಾರೆ. ಅರೆಗಣ್ಣಿನಲ್ಲಿ ಕುರ್ಚಿ ಹತ್ತಿ ಬ್ಯಾಟರಿ ಕೀಳುತ್ತಾರೆ, ನಾಳೆ ಹೊಸದು ತಂದರಾಯಿತು ಎಂದು ಮಲಗುತ್ತಾರೆ. ಆ ನಾಳೆ ಬರುವುದೇ ಇಲ್ಲ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎ ಲೆಕ್ಕದಲ್ಲಿ, ಮನೆಗೆ ಬೆಂಕಿ ಬಿದ್ದು ಸಾಯುವ ಐವರಲ್ಲಿ ಸುಮಾರು ಮೂವರು ಸಾಯುವುದು ಅಲಾರಮ್ಮೇ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳಲ್ಲಿ. ಕೆಲಸ ಮಾಡದ್ದಕ್ಕೆ ಮುಖ್ಯ ಕಾರಣ ಕಿತ್ತ ಅಥವಾ ಸತ್ತ ಬ್ಯಾಟರಿ. ಹೊಗೆ ಬಂದರೆ ಮೂಗಿಗೆ ತಿಳಿಯದೇ ಎನ್ನುವವರುಂಟು. ನಿದ್ದೆಯಲ್ಲಿ ಮೂಗೂ ಮಲಗಿರುತ್ತದೆ. ಎಚ್ಚರವಾಗಿದ್ದವರಿಗೂ ಹೊಗೆ ಎಷ್ಟು ಸಮಯ ಕೊಡುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 2010ರ ಫೆಬ್ರುವರಿ 23ರಂದು ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದು ಹಾಡಹಗಲಿನಲ್ಲಿ. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು.

ಕಿತ್ತ ಬ್ಯಾಟರಿ ಎಲ್ಲಿಗೆ ಹೋಯಿತು? ಅಡುಗೆಮನೆಯ ಡ್ರಾಯರಿಗೆ. ಟಾರ್ಚಿನ ಶೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸಿಕೊಂಡ ಪೀಳಿಗೆಗೆ ಬ್ಯಾಟರಿ ಎಸೆಯಲು ಕೈ ಬಾರದು. ಆದರೆ ಈ ಚೌಕದ 9 ವೋಲ್ಟಿನದು ಬೇರೆ ಜಾತಿ. ಒಂದೂವರೆ ವೋಲ್ಟಿನ ಆರು ಪುಟ್ಟ ಶೆಲ್ಲುಗಳು ಒಳಗೆ ಒಟ್ಟುಕುಟುಂಬ ನಡೆಸುತ್ತಿರುತ್ತವೆ, ಪ್ಲಸ್ಸು ಮೈನಸ್ಸು ಎರಡೂ ಒಂದೇ ತಲೆಯ ಮೇಲೆ ಅಂಗುಲದೊಳಗೆ ಕೂತಿರುತ್ತವೆ. ಡ್ರಾಯರಿನಲ್ಲಿರುವ ಕೀಲಿಕೈ, ಸೇಫ್ಟಿ ಪಿನ್ನು, ಪಾತ್ರೆ ಉಜ್ಜುವ ಸ್ಟೀಲ್ ನಾರು, ಊರಿನಿಂದ ಬಂದ ಚಿಲ್ಲರೆ, ಇವುಗಳಲ್ಲಿ ಯಾವುದು ಅವೆರಡನ್ನೂ ಮುಟ್ಟಿದರೂ ಶಾರ್ಟ್ ಸರ್ಕ್ಯೂಟ್. ಚಿಂವ್‌ಗುಟ್ಟುವಷ್ಟು ದುರ್ಬಲವಾದ ಬ್ಯಾಟರಿಯಲ್ಲೂ ಕಾಗದ ಹೊತ್ತಿಸುವಷ್ಟು ಕಾವು ಉಳಿದಿರಬಹುದು. ಹಳೆ ಬಿಲ್ಲು, ರಸೀತಿಗಳು ಅಲ್ಲೇ ಕಾದಿರುತ್ತವೆ. ಕೂಗಬೇಕಾದ ಬಿಲ್ಲೆಯ ಹೊಟ್ಟೆ ಖಾಲಿ, ಹೊಟ್ಟೆಯಲ್ಲಿರಬೇಕಾದ್ದು ಡ್ರಾಯರಿನಲ್ಲಿ ಕೂತು ಬೆಂಕಿ ಹಚ್ಚುತ್ತಿದೆ! ಹೀಗಾಗಬಾರದೆಂದರೆ ತಲೆಯ ಮೇಲೆ ಒಂದು ತುಂಡು ಇನ್ಸುಲೇಷನ್ ಟೇಪು ಅಂಟಿಸಿದರೆ ಸಾಕು. ಹೊಸದನ್ನು ಬಳಸುವ ತನಕ ಅದರ ಪ್ಯಾಕಿನಿಂದ ಬಿಚ್ಚಬಾರದು.

ಈ ಜನರ ಸಹವಾಸವೇ ಬೇಡವೆಂದು ತಯಾರಕರು ಹತ್ತು ವರ್ಷದ ಲಿಥಿಯಂ ಬ್ಯಾಟರಿಯನ್ನು ಒಳಗೇ ಹಾಕಿ ಬಾಯಿ ಮುಚ್ಚಿದ ಬಿಲ್ಲೆ ಮಾಡಿದ್ದಾರೆ. ಯಾವ ಬಿಲ್ಲೆಯಾದರೂ ಅದರ ಆಯುಸ್ಸು ಹತ್ತೇ ವರ್ಷ. ಹಿಂಬದಿಯಲ್ಲಿ ತಾರೀಖು ಅಚ್ಚಾಗಿರುತ್ತದೆ. ಮಗ ಅಂಥದ್ದೊಂದನ್ನು ತಂದು ಹಾಕಿದ ಮರುದಿನ ರಾಯರು ಸ್ಕ್ರೂಡ್ರೈವರ್ ಹಿಡಿದು ಅದನ್ನು ಕೆಳಗಿಳಿಸಿ, ಬ್ಯಾಟರಿಯ ಮುಚ್ಚಳ ಹುಡುಕಿದರು. ತಿರುಗಿಸಿದರು, ಅಲ್ಲಾಡಿಸಿದರು, ಕಿವಿಯ ಹತ್ತಿರ ಹಿಡಿದರು. ಕೊನೆಗೆ ಭೂತಗನ್ನಡಿಯಲ್ಲಿ ಹಿಂಬದಿಯ ಸಣ್ಣಕ್ಷರ ಓದಿ, ‘ಲೇ, ನಮ್ಮ ವೀಸಾಕ್ಕಿಂತ ಇದಕ್ಕೇ ಎರಡು ವರ್ಷ ಜಾಸ್ತಿ ಇದೆ ಕಣೇ’ ಎಂದು ಹೆಂಡತಿಯನ್ನು ಕೂಗಿದರು.